ಬೂದಿಕೋಟೆ ತುಪಾಕಿ, ಲಂಡನ್ ಹರಾಜು, ನಮ್ಮ ಅಟ್ಟದ ಮೇಲಿನ ಜೋಡುನಳಿಗೆ

ಅಣ್ಣಂದಿರೇ, ಈ ಸಲ ಟೊಮೇಟೊ ರೇಟೂ ಅಲ್ಲ, ರಾಗಿ ಬೆಳೆಯೂ ಅಲ್ಲ, ತುಪಾಕಿ ವಿಷಯ ಬರೀತಾ ಇದೀನಿ. ಬೂದಿಕೋಟೆ ಕಡೆಯಿಂದ, ಕಾಮಸಮುದ್ರದ ಕಡೆಯಿಂದ, ಬೇತಮಂಗಲದಿಂದ ಎರಡು ವರ್ಷದಲ್ಲಿ ಮೂರ್ನಾಲ್ಕು ಜನ ನನ್ನ ಹತ್ರ ಒಂದೇ ಮಾತು ಕೇಳಿದ್ದಾರೆ. ಅಪ್ಪನ ಕಾಲದ್ದು ಇದೆ, ತಾತನ ಕಾಲದ್ದು ಇದೆ, ಲೈಸೆನ್ಸು ರಿನ್ಯೂವಲ್ ಮಾಡಿಸಿ ಸಾಕಾಯ್ತು, ಮಾರಿಬಿಡ್ತೀವಿ, ಎಷ್ಟಕ್ಕೆ ಹೋಗುತ್ತೆ ಅಂತ. ಎಷ್ಟಕ್ಕೆ ಹೋಗುತ್ತೆ ಅನ್ನೋದಕ್ಕಿಂತ ಮೊದಲು, ತುಪಾಕಿಗೆ ಬೆಲೆ ಅನ್ನೋದು ಎಲ್ಲಿಂದ ಬಂತು, ಯಾರು ಏರಿಸಿದ್ರು, ಯಾರು ಇಳಿಸಿದ್ರು ಅಂತ ತಿಳ್ಕೊಂಡ್ರೆ ಒಳ್ಳೇದು. ರಾಬರ್ಟ್‌ಸನ್ ಪೇಟೆಯಲ್ಲಿ ಪುಸ್ತಕ ಇರೋರು ಒಬ್ಬರು, ಬಂಗಾರಪೇಟೆ ಕೋರ್ಟಿನ ಹಿರಿಯ ವಕೀಲರು ಒಬ್ಬರು, ಇವರ ಹತ್ರ ಕೂತು ತಿಳ್ಕೊಂಡಿದ್ದನ್ನ ಸೇರಿಸಿ ಬರೆದಿದೀನಿ. ಉದ್ದ ಆಗಿದೆ. ಹಾಲು ಹಾಕಿ ಬಂದು ನಿಧಾನಕ್ಕೆ ಓದಿ.

ಶುರು ನಮ್ಮ ತಾಲ್ಲೂಕಿನಿಂದಲೇ ಮಾಡ್ತೀನಿ. ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಅವನ ಅಪ್ಪ ಫತೇ ಮಹಮ್ಮದ್ ಶಿರಾ ಸುಬೇದಾರನ ಕೈಕೆಳಗೆ ಫೌಜುದಾರನಾಗಿದ್ದೋನು, ಸಮಾಧಿ ಈಗಲೂ ಕೋಲಾರದ ಮಕಬರಾದಲ್ಲಿದೆ. 1782ರ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಹತ್ತಿರ ಸತ್ತಾಗ ಅವನ ದೇಹವನ್ನೂ ಮೊದಲು ತಂದು ಇಟ್ಟಿದ್ದು ಕೋಲಾರದಲ್ಲೇ, ಶ್ರೀರಂಗಪಟ್ಟಣಕ್ಕೆ ಒಯ್ದಿದ್ದು ಆಮೇಲೆ. ಈ ಹೈದರ್ ಮೇಲೆ ಬಂದಿದ್ದು ಹೇಗೆ ಅಂದ್ರೆ, 1750ರಲ್ಲಿ ಜಿಂಜಿ ಹತ್ತಿರ ನಾಸಿರ್ ಜಂಗ್ ಕೊಲೆಯಾದ ಗಲಾಟೆಯಲ್ಲಿ ಇವನ ಕಡೆಯವರು ಹೊನ್ನಿನ ಹೇರು ಹೊತ್ತ ಒಂಟೆಗಳ ಜೊತೆಗೆ ಕುದುರೆಗಳನ್ನೂ ಸುಮಾರು 500 ಬಂದೂಕುಗಳನ್ನೂ ಹೊಡ್ಕೊಂಡು ಬಂದ್ರು. ಚಿನ್ನ ಬೇರೆಯವರಿಗೂ ಸಿಕ್ಕಿತ್ತು, ಆದರೆ ಬಂದೂಕು ಕೂಡಿಟ್ಟೋನು ಇವನು. ಆ ಕಾಲಕ್ಕೆ ಸಾಲು ನಿಲ್ಲಿಸಿ ಗುಂಡು ಹಾರಿಸೋ 500 ಬಂದೂಕು ಅಂದ್ರೆ ಒಂದು ಪಾಳೇಪಟ್ಟು ಹಿಡಿಯೋವಷ್ಟು ಬಲ. ಬೆಲೆ ಕಟ್ಟೋಕೆ ಹೋದರೆ ಅದು ರೂಪಾಯಿಯಲ್ಲಿ ಬರ್ತಾ ಇರಲಿಲ್ಲ, ಎಕರೆಯಲ್ಲಿ ಬರ್ತಾ ಇತ್ತು.

ಮಗ ಟಿಪ್ಪು ಕೂಡಿಡೋದಷ್ಟೇ ಅಲ್ಲ, ಮಾಡಿಸಿದ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಇವನ ಖಾಸಾ ಬಂದೂಕುಗಳ ಮೇಲೆ ಹುಲಿಯ ಪಟ್ಟೆ, ಹುಲಿಯ ಮುಖ, ಬೆಳ್ಳಿ ಕೆಲಸ. ಕೆಲಸಗಾರನ ಹೆಸರು, ಊರಿನ ಹೆಸರು, ಇಸವಿ ಎಲ್ಲ ಕೆತ್ತಿರ್ತಾರೆ. ಇಸವಿಯಲ್ಲಿ ಒಂದು ತಮಾಷೆ ಇದೆ. ಟಿಪ್ಪು ತನ್ನದೇ ಮೌಲೂದಿ ಶಕೆ ನಡೆಸಿದ, ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. 1222 ಅಂತ ಓದಬೇಕಾದ್ದು ಗೊತ್ತಿಲ್ಲದವನ ಕಣ್ಣಿಗೆ 2221 ಕಾಣುತ್ತೆ. ಆ 1222 ಅಂದ್ರೆ ನಮ್ಮ ಲೆಕ್ಕದಲ್ಲಿ 1793-94. ಇದನ್ನ ಓದೋಕೆ ಬರೋನ ಕೈಗೆ ಸಿಕ್ಕರೆ ಅದಕ್ಕೊಂದು ಬೆಲೆ, ಬಾರದೋನ ಕೈಗೆ ಸಿಕ್ಕರೆ ಗುಜರಿ ಕಬ್ಬಿಣ.

1799ರ ಮೇ 4ನೇ ತಾರೀಕು ಶ್ರೀರಂಗಪಟ್ಟಣ ಬಿತ್ತು. ಆ ರಾತ್ರಿ ಪೂರ್ತಿ ಲೂಟಿ. ಮಾರನೇ ದಿನ ಆರ್ಥರ್ ವೆಲ್ಲೆಸ್ಲಿ ನಾಲ್ಕು ಜನರನ್ನ ನೇಣಿಗೆ ಹಾಕಿದ ಮೇಲೇ ಅದು ನಿಂತಿದ್ದು. ಮಿಕ್ಕ ಅರಮನೆ ಸಾಮಾನಿಗೆ ಪ್ರೈಜ್ ಏಜೆಂಟರು ಅಂತ ನೇಮಿಸಿ ಪಟ್ಟಿ ಮಾಡಿ ಹಂಚಿದ್ರು. ಜನರಲ್ ಹ್ಯಾರಿಸನ ಪಾಲಿಗೆ 1 ಲಕ್ಷ 40 ಸಾವಿರ ಪೌಂಡಿಗೂ ಹೆಚ್ಚು ಬಂತು. ಕೋಟೆ ಗೋಡೆ ಹತ್ತಿದ ಸಾಮಾನ್ಯ ಸಿಪಾಯಿಗೆ 10 ಪೌಂಡೂ ಮುಟ್ಟಲಿಲ್ಲ. ಪಾಲು ಹೀಗಿರುತ್ತೆ ಅಂತ ಸಿಪಾಯಿಗಳಿಗೂ ಗೊತ್ತಿತ್ತು ಅನ್ನಿಸುತ್ತೆ, ಅದಕ್ಕೇ ಸಿಕ್ಕಿದ್ದನ್ನ ಅಲ್ಲೇ ಸಿಕ್ಕಿದ ರೇಟಿಗೆ ಬಿಸಾಕ್ತಾ ಇದ್ರು. 74ನೇ ರೆಜಿಮೆಂಟಿನ ಡಾಕ್ಟರ್ ಮೀನ್ ಅನ್ನೋರು ಒಬ್ಬ ಸಿಪಾಯಿಯಿಂದ ವಜ್ರದ ಕೈಕಡಗಗಳನ್ನ ಚಿಲ್ಲರೆ ದುಡ್ಡಿಗೆ ತಗೊಂಡ್ರಂತೆ. ಹೈದರಾಬಾದಿನ ಚಿನಿವಾರ ನೋಡಿ, ಕಡಿಮೆ ಬೆಲೆಯದಕ್ಕೇ 32 ಸಾವಿರ ಪೌಂಡು ಅಂದ, ಇನ್ನೊಂದಕ್ಕೆ ಬೆಲೆ ಹೇಳೋಕೆ ನನ್ನ ಕೈಲಾಗಲ್ಲ ಅಂದ. ಮಾರಿದ ಸಿಪಾಯಿಗೆ ಆ ಸುದ್ದಿ ತಲುಪಿತೋ ಇಲ್ಲವೋ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಅವತ್ತು ಆ ಗಲಾಟೆಯಲ್ಲಿ ಬ್ರಿಟಿಷ್ ಆಫೀಸರುಗಳ ಪೆಟ್ಟಿಗೆ ಸೇರಿದ ಬಂದೂಕುಗಳು 200 ವರ್ಷ ಆದ ಮೇಲೆ ಮತ್ತೆ ಮಾರುಕಟ್ಟೆಗೆ ಬಂದವು. ಎರಡು ಮಾರಾಟ ಹೇಳ್ತೀನಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಇಂಗ್ಲೆಂಡಿನಲ್ಲಿ ರಾಬಿನ್ ವಿಗಿಂಗ್ಟನ್ ಅಂತ ಹಳೇ ಆಯುಧಗಳ ಪರಿಣತ ಒಬ್ಬರು. ಇವರು ಹತ್ತಾರು ವರ್ಷ ಟಿಪ್ಪುವಿನ ಬಂದೂಕು, ಕತ್ತಿ, ಪಿಸ್ತೂಲು ಅಂತ ಒಂದೊಂದೇ ಹುಡುಕಿ ಕೂಡಿಸಿದ್ರು. ಬರೀ ಕೂಡಿಸಲಿಲ್ಲ. ಒಂದೊಂದರ ಗುರುತು, ಇಸವಿ, ಕೆಲಸಗಾರನ ಹೆಸರು, ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದನ್ನ ಬರೆದಿಟ್ಟು, 1992ರಲ್ಲಿ ಟಿಪ್ಪುವಿನ ಬಂದೂಕುಗಳ ಮೇಲೆ ಒಂದು ಪುಸ್ತಕವನ್ನೇ ತಂದ್ರು. ಅವರು ಕೂಡಿಸಿದ್ದರಲ್ಲಿ 30 ಸಾಮಾನು 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿಗೆ ಬಂದವು. ಒಟ್ಟು 60 ಲಕ್ಷ ಪೌಂಡು ದಾಟಿತು, ಅಂದ್ರೆ ಆಗಿನ ಲೆಕ್ಕದಲ್ಲಿ 50 ಕೋಟಿ ರೂಪಾಯಿಗೂ ಮೇಲೆ. ಒಂದು ಬೇಟೆ ಬಂದೂಕು, ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಮದ್ದು ತುಂಬೋ ತರಹದ್ದು, ಒಂದೂವರೆ ಲಕ್ಷ ಪೌಂಡಿನವರೆಗೆ ಹೋಗಬಹುದು ಅಂತ ಅಂದಾಜು ಹಾಕಿದ್ರು. ಅದು 7 ಲಕ್ಷ ದಾಟಿತು.

ಇನ್ನೊಂದು ಮಾರಾಟ 2019ರ ಮಾರ್ಚಿನದು. ಬರ್ಕ್‌ಷೈರ್ ಅನ್ನೋ ಕಡೆ ಒಂದು ಮನೆಯ ಅಟ್ಟದಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದ ಕತ್ತಿಗಳು, ಒಂದು ಬಂದೂಕು ಸಿಕ್ಕವು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ 1799ರಲ್ಲಿ ತಂದ ಸಾಮಾನು. ಮನೆಯವರಿಗೆ ಅದರ ಬೆಲೆ ಗೊತ್ತೇ ಇರಲಿಲ್ಲ. ಇವರದೂ ಟಿಪ್ಪುವಿನ ಬೆಳ್ಳಿ ಕಟ್ಟಿದ 20 ಬೋರ್ ಬಂದೂಕೇ, ಬಯನೆಟ್ ಸಮೇತ. 60 ಸಾವಿರ ಪೌಂಡಿಗೆ ಹೋಯ್ತು, ಸುಮಾರು 54 ಲಕ್ಷ ರೂಪಾಯಿ. ಹರಾಜು ನಿಲ್ಲಿಸಿ ಅಂತ ನಮ್ಮ ಹೈಕಮಿಷನ್ ಕೇಳಿಕೊಂಡಿದ್ದೂ ಉಂಟು, ಅವರು ನಿಲ್ಲಿಸಲಿಲ್ಲ.

54 ಲಕ್ಷ ಏನು ಕಡಿಮೆಯಾ ಅಂತೀರಿ. ಕಡಿಮೆ ಅಲ್ಲ. ಆದರೆ ಒಂದೇ ರಾಜನ ಕಾರ್ಖಾನೆ, ಹೆಚ್ಚು ಕಡಿಮೆ ಅದೇ ಕಾಲ, ಒಂದಕ್ಕೆ 60 ಸಾವಿರ, ಒಂದಕ್ಕೆ 7 ಲಕ್ಷ. ಎರಡು ಮದ್ದಿನ ತರಹ ಅಪರೂಪ, ಅದೂ ಒಂದು ಕಾರಣ. ಆದರೆ ನನಗೆ ಅನ್ನಿಸೋದು, ದೊಡ್ಡ ಕಾರಣ ಆ ಪುಸ್ತಕ. ಕೊಳ್ಳೋನಿಗೆ ಅನುಮಾನಕ್ಕೆ ಜಾಗ ಇರಲಿಲ್ಲ. ಮಂಡಿಯಲ್ಲೂ ಹಾಗೇ ಅಲ್ವಾ, ಗ್ರೇಡ್ ಮಾಡಿ ತುಂಬಿದ ಬಾಕ್ಸಿಗೂ ಹೊಲದಿಂದ ಹಾಗೇ ಸುರಿದ ಬಾಕ್ಸಿಗೂ ಒಂದೇ ಹಣ್ಣಾದರೂ ಕೂಗೋ ರೇಟು ಬೇರೆ.

ಈಗ ನಮ್ಮ ಗಣಿಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಮೈಸೂರು ಮೈನ್, ಚಾಂಪಿಯನ್ ರೀಫ್, ನಂದಿದುರ್ಗ, ನಮ್ಮ ಊರಿಗಾಂ ಮೈನ್, ಬಾಲಘಾಟ್ ಅಂತ ಒಂದೊಂದೇ ಶಾಫ್ಟು ಇಳಿದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಇವೆಲ್ಲದರ ಜೊತೆ ಕ್ಲಬ್ಬು, ಗಾಲ್ಫು, ಶಿಕಾರಿ. ಬಂಗಲೆ ದೊರೆಗಳು ಅಂದ್ರೆ ಗೋಡೆಯ ಮೇಲೆ ಒಂದೆರಡು ತುಪಾಕಿ ಇದ್ದೇ ಇರೋವು. ಆ ಕಾಲದ ತುಪಾಕಿಗಳು ಲಂಡನ್ನಿನಿಂದಲೋ ಬರ್ಮಿಂಗ್‌ಹ್ಯಾಮಿನಿಂದಲೋ ಬಂದವು. ಮದ್ರಾಸಿನ ಪಿ. ಆರ್ ಅಂಡ್ ಸನ್ಸ್, ಗಡಿಯಾರ ಮಾರ್ತಾ ಇದ್ದ ಅದೇ ಅಂಗಡಿ, ತುಪಾಕಿಯನ್ನೂ ಮಾರ್ತಾ ಇತ್ತು. ನಳಿಗೆಯ ಮೇಲೆ ಅಂಗಡಿಯ ಹೆಸರು ಕೆತ್ತಿಸೋರು. ಈಗಲೂ ಯಾರ ಮನೆಯಲ್ಲಾದರೂ ಆ ಹೆಸರು ಕಂಡರೆ ಅದು ರೈಲಲ್ಲಿ ಜೋಲಾರಪೇಟೆ ದಾಟಿ ಬಂದಿದ್ದು ಅಂತ ತಿಳ್ಕೊಳ್ಳಿ.

ಇದೇ ಜಾಗದಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಗಣಿಯಲ್ಲಿ ಕೆಜಿಎಫ್ ಬೆಟಾಲಿಯನ್ ಅಂತ ಒಂದಿತ್ತು, ಆಕ್ಸಿಲಿಯರಿ ಫೋರ್ಸಿನದು, ಗಣಿಯ ಯೂರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಪರೇಡು ಮಾಡ್ತಾ ಇದ್ರು. 1947ಕ್ಕೆ ಆ ಫೋರ್ಸೇ ಮುಗೀತು. ನಮ್ಮ ತಾತ ಬೆಟಾಲಿಯನ್ ರೈಫಲ್ ತಂದಿದ್ದ ಅಂತ ಹೆಮ್ಮೆಯಿಂದ ಹೇಳೋರನ್ನ ನಾನು ಕಂಡಿದೀನಿ. ಆ ರೈಫಲುಗಳು ಸರ್ಕಾರದ ಸ್ವತ್ತು, ಬಾಣದ ಗುರುತು ಇರೋವು. .303 ಬೋರು ಇವತ್ತಿಗೂ ನಿಷೇಧಿತ ಬೋರು. ಅಂಥದ್ದು ಮನೆಯಲ್ಲಿದ್ದರೆ ಅದಕ್ಕೆ ಬೆಲೆ ಕೇಳೋದಲ್ಲ, ಮೊದಲು ವಕೀಲರ ಹತ್ರ ಹೋಗೋದು.

ಕಾನೂನು ಬೆಲೆಯನ್ನ ಹೇಗೆ ಆಡಿಸುತ್ತೆ ಅನ್ನೋದಕ್ಕೆ ಬೋರಿನ ಕತೆಯೇ ಸಾಕು. ಹೋದ ಶತಮಾನದ ಶುರುವಿನಲ್ಲಿ .450 ಅನ್ನೋ ಅಳತೆಯ ದೊಡ್ಡ ರೈಫಲು ಹುಲಿ ಆನೆ ಬೇಟೆಗೆ ಹೆಸರುವಾಸಿ. ಸೈನ್ಯದ ಹಳೇ ಮಾರ್ಟಿನಿ ಹೆನ್ರಿ ರೈಫಲುಗಳೂ ಅದೇ ಅಳತೆಯ ಗುಂಡಿನವು. ಕಳುವಾದ ರೈಫಲುಗಳಿಗೆ ಗುಂಡು ಸಿಗಬಾರದು ಅಂತ ಸರ್ಕಾರ ಆ ಅಳತೆಯನ್ನೇ ಇಂಡಿಯಾಕ್ಕೆ ತರಬಾರದು ಅಂತ ಮಾಡ್ತು. ಒಂದು ಹುಕುಮಿನಿಂದ ಎಷ್ಟೋ ಒಳ್ಳೇ ರೈಫಲು ಕೇಳೋರಿಲ್ಲದೆ ಹೋದವು. ಲಂಡನ್ನಿನ ಕೆಲಸಗಾರರು ಸುಮ್ಮನೆ ಕೂರಲಿಲ್ಲ, .465, .470, .475 ಅಂತ ಹೊಸ ಅಳತೆ ಮಾಡಿ ಮತ್ತೆ ಮಾರಿದ್ರು. ರೈಫಲ್ಲಿನಲ್ಲಿ ಏನೂ ತಪ್ಪಿರಲಿಲ್ಲ, ಬೆಲೆ ಬಿದ್ದಿದ್ದು ಕಾಗದದಿಂದ.

ಸ್ವಾತಂತ್ರ್ಯ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿ ತಗೊಂಡಿತು, ದೊರೆಗಳು ಒಬ್ಬೊಬ್ಬರೇ ಹೊರಟರು. ನಮ್ಮ ದೊಡ್ಡಪ್ಪ ಹೇಳೋರು, ಬಂಗಲೆ ಸಾಮಾನು ಮಾರೋವಾಗ ಮಂಚ, ಬೀರು, ಪಿಯಾನೋ ಕೊಳ್ಳೋಕೆ ಪೇಟೆಯಿಂದ ಜನ ಬರೋರು, ತುಪಾಕಿಗೆ ಮಾತ್ರ ಲೈಸೆನ್ಸು ಇರೋ ನಾಲ್ಕೇ ಜನ, ಅವರು ಹೇಳಿದ್ದೇ ರೇಟು ಅಂತ. ಹಡಗಿನ ಟಿಕೆಟ್ ಕೈಯಲ್ಲಿರೋ ಮಾರಾಟಗಾರ, ಕೊಳ್ಳೋರು ನಾಲ್ಕು ಜನ. ಹಾಗೆ ಬಂದ ತುಪಾಕಿಗಳೇ ಇವತ್ತು ನಮ್ಮ ಕಡೆಯ ಜೋಡಿದಾರರ, ಶಾನುಭೋಗರ, ಗುತ್ತಿಗೆದಾರರ ಮನೆ ಅಟ್ಟದ ಮೇಲಿರೋದು.

1959ರಲ್ಲಿ ಈಗಿನ ಆರ್ಮ್ಸ್ ಆಕ್ಟ್ ಬಂತು, 1962ರ ಅಕ್ಟೋಬರ್ 1ರಿಂದ ಜಾರಿ. ಅದಕ್ಕೂ ಮೊದಲು ಬ್ರಿಟಿಷ್ ಇಂಡಿಯಾದಲ್ಲಿ 1878ರದ್ದು ಇತ್ತು. ಹೊಸ ಕಾಯ್ದೆಯಲ್ಲಿ ರೈತರಿಗೆ ಬೇಕಾದ ಒಂದು ಮಾತಿದೆ. ನಿಜವಾಗಿ ಬೆಳೆ ಕಾಯೋದಕ್ಕೆ ಬಾಯಿಂದ ಮದ್ದು ತುಂಬೋ ತುಪಾಕಿ ಕೇಳಿದರೆ ಲೈಸೆನ್ಸು ಕೊಡಬೇಕು ಅಂತ. ಕಾಮಸಮುದ್ರ, ಬೂದಿಕೋಟೆ ಕಡೆ ಇರೋ ಕೇಪು ತುಪಾಕಿಗಳು ಹಾಗೆ ಬಂದವು. ಕೊಡಗಿನವರ ವಿಷಯ ಬೇರೆ. 1861ರಿಂದ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗ 2029ರವರೆಗೆ ಮುಂದುವರಿಸಿದ್ದಾರೆ. 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ನಮ್ಮಲ್ಲಿ ಆಯುಧಪೂಜೆ ದಿನ ಟ್ರ್ಯಾಕ್ಟರಿಗೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಶಿಕಾರಿ ಮುಗೀತು. ದೊಡ್ಡ ಬೋರಿನ ರೈಫಲುಗಳಿಗೆ ಕೆಲಸವೇ ಇಲ್ಲದೆ ಹೋಯ್ತು, ಬೆಲೆ ಕುಸಿಯಿತು. 1983ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರೇ ತುಪಾಕಿ ಅಂತ ಮಿತಿ ಹಾಕಿದ್ರು. ಹತ್ತು ಹದಿನೈದು ಇಟ್ಟಿದ್ದ ಹಳೇ ಜಮೀನ್ದಾರರು ಮಿಕ್ಕಿದ್ದನ್ನ ಹೊರಗೆ ಹಾಕಬೇಕಾಯ್ತು. ಆದರೆ ಅದೇ 80ರ ದಶಕದ ನಡುವಿನಿಂದ ಹೊರದೇಶದ ತುಪಾಕಿ ಸಾಮಾನ್ಯರಿಗೆ ತರಿಸೋ ದಾರಿ ಮುಚ್ಚಿತು. ಈಗ ಉಲ್ಟಾ ಆಯ್ತು ನೋಡಿ. ಹೊಸದು ಬರಲ್ಲ, ಇರೋದೇ ಇರೋದು. ಹೊರಗಡೆ ಆಗ ಅಗ್ಗಕ್ಕೆ ಸಿಗ್ತಾ ಇದ್ದ ಸಾಧಾರಣ ರಿವಾಲ್ವರು, ಪಿಸ್ತೂಲು ಇಲ್ಲಿ ಸೈಟಿನ ರೇಟಿಗೆ ಏರಿದವು. ಸರ್ಕಾರಿ ಕಾರ್ಖಾನೆಯ .315 ರೈಫಲು, .32 ರಿವಾಲ್ವರು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಹೊರದೇಶದ ಹೆಸರು ಕೆತ್ತಿದ್ದು ಕಂಡರೆ ಜನ ಮುಗಿಬೀಳೋರು.

ಆಮೇಲೆ 2019. ಡಿಸೆಂಬರ್‌ನಲ್ಲಿ ಮತ್ತೆ ತಿದ್ದುಪಡಿ. ಮೊದಲು ಒಬ್ಬರಿಗೆ ಒಂದೇ ಅಂತ ಹೊರಟಿದ್ರು, ವಿರೋಧ ಬಂದ ಮೇಲೆ ಎರಡು ಅಂತ ಮಾಡಿದ್ರು. ಮೂರನೇದು ಇಟ್ಟಿರೋರು ಒಂದು ವರ್ಷದೊಳಗೆ, 2020ರ ಡಿಸೆಂಬರ್ 13ರೊಳಗೆ, ಠಾಣೆಗೋ ಡೀಲರಿಗೋ ಒಪ್ಪಿಸಬೇಕು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷ ಆಯ್ತು, ಅದೊಂದು ಒಳ್ಳೇದು. ಆದರೆ ದೇಶದಲ್ಲಿ ಮೂರನೇದು ಇದ್ದೋರೆಲ್ಲ ಒಂದೇ ವರ್ಷದಲ್ಲಿ ಮಾರೋಕೆ ಹೊರಟರೆ ಏನಾಗುತ್ತೆ ಅಂತ ಕೋಲಾರದ ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದ್ದೂ ಕಂಡಿದೀವಿ, ಸ್ವಲ್ಪ ದಿನಕ್ಕೇ ಎಲ್ಲರ ತೋಟದ್ದೂ ಬಂದು ಬಿದ್ದಿದ್ದೂ ಕಂಡಿದೀವಿ. ತುಪಾಕಿಯಲ್ಲಿ ಇನ್ನೂ ಒಂದು ಕಷ್ಟ. ಟೊಮೇಟೊ ಯಾರು ಬೇಕಾದರೂ ಕೊಳ್ಳಬಹುದು. ತುಪಾಕಿ ಕೊಳ್ಳೋನ ಹತ್ರ ದುಡ್ಡಿದ್ದರೆ ಸಾಲದು, ಲೈಸೆನ್ಸು ಇರಬೇಕು, ಆ ಲೈಸೆನ್ಸಿನಲ್ಲಿ ಜಾಗ ಖಾಲಿ ಇರಬೇಕು. ಅದೇ ವರ್ಷ ಆ ಜಾಗವನ್ನೂ ಮೂರರಿಂದ ಎರಡಕ್ಕೆ ಇಳಿಸಿದ್ರು. ಸರಕು ಜಾಸ್ತಿ, ಗಿರಾಕಿ ಕಡಿಮೆ, ಎರಡೂ ಒಂದೇ ಏಟಿಗೆ.

ಈ ಹೊತ್ತಲ್ಲಿ ಸಿಕ್ಕಿಹಾಕೊಂಡಿದ್ದು ನಮ್ಮ ಪಕ್ಕದ ಹೋಬಳಿಯ ಒಂದು ಮನೆಯವರು. ಹೆಸರು ಬೇಡ. ಯಜಮಾನರು ತೀರ್ಕೊಂಡಾಗ ಮೂರು ತುಪಾಕಿ ಬಿಟ್ಟು ಹೋಗಿದ್ರು. ಒಂದು ಬರ್ಮಿಂಗ್‌ಹ್ಯಾಮಿನ 12 ಬೋರ್ ಜೋಡುನಳಿಗೆ, ಗಣಿ ಬಂಗಲೆಯಿಂದ ಬಂದಿದ್ದು. ಒಂದು ನಮ್ಮ ದೇಶದ್ದೇ ಒಂಟಿ ನಳಿಗೆ. ಇನ್ನೊಂದು ಕೇಪು ತುಪಾಕಿ. ಮಕ್ಕಳಿಗೆ ಲೈಸೆನ್ಸಿಲ್ಲ, ಮೂರನ್ನೂ ಪೇಟೆಯ ಒಬ್ಬ ಡೀಲರ್ ಹತ್ರ ಠೇವಣಿ ಇಟ್ಟರು. ಆ ವರ್ಷ ಅವರ ತೋಟದಲ್ಲಿ ಎರಡು ಬೋರು ಕೊರೆಸಿ ಎರಡೂ ಒಣಗಿದ್ದವು, ಸಾಲದವರು ಮನೆ ಬಾಗಿಲಲ್ಲಿ. ಡೀಲರ್ ಮೂರಕ್ಕೂ ಸೇರಿಸಿ ಒಂದು ರೇಟು ಹೇಳಿದ. ಒಂದು ಹಸುವಿನ ಅರ್ಧ ಬೆಲೆ. ಮೇಲೆ ಇನ್ನೊಂದು ಮಾತು ಸೇರಿಸಿದ, ತಿಂಗಳು ತಿಂಗಳು ಇಟ್ಟಿದ್ದರ ಬಾಡಿಗೆ ಬೆಳೀತಾ ಇದೆ, ತಡ ಮಾಡಿದರೆ ಸರ್ಕಾರ ಮುಟ್ಟುಗೋಲು ಹಾಕ್ಕೊಳುತ್ತೆ, ನಿಮಗೆ ಮಾರೋ ಹಕ್ಕೇ ಇಲ್ಲ, ನಾನು ಕೊಟ್ಟಿದ್ದು ತಗೊಳ್ಳಿ ಅಂತ.

ಅದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ವಕೀಲರು ಕಾಯ್ದೆ ತೆಗೆದು ತೋರಿಸಿದ್ರು. 21ನೇ ಕಲಮು. ಠೇವಣಿ ಇಟ್ಟಿದ್ದನ್ನ ಗೊತ್ತಾದ ಅವಧಿಯೊಳಗೆ ವಿಲೇವಾರಿ ಮಾಡದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದಿಂದ ಮುಟ್ಟುಗೋಲು ಆಗೋದು ನಿಜ, ಅದಕ್ಕೂ ಮೊದಲು ನೋಟಿಸ್ ಕೊಡಬೇಕು. ಆದರೆ ಆ ಅವಧಿ ಮುಗಿಯೋವರೆಗೆ, ಇಟ್ಟೋನು, ಅವನು ಸತ್ತಿದ್ದರೆ ಅವನ ವಾರಸುದಾರ, ಲೈಸೆನ್ಸು ಇರೋ ಯಾರಿಗೆ ಬೇಕಾದರೂ ಮಾರಿಸಬಹುದು, ಬಂದ ದುಡ್ಡು ಅವನದೇ. ಡೀಲರ್ ಅಂದ್ರೆ ಬೀಗ ಹಾಕಿ ಕಾಯೋನು, ಮಾಲೀಕ ಅಲ್ಲ. ನಾವು ಕೋಲ್ಡ್ ಸ್ಟೋರೇಜಿನಲ್ಲಿ ಆಲೂಗಡ್ಡೆ ಇಟ್ಟ ಹಾಗೆ. ಬಾಡಿಗೆ ಕೊಡಬೇಕು, ಆಲೂಗಡ್ಡೆ ಅವನದಾಗಲ್ಲ. 2016ರ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ. ಲೈಸೆನ್ಸುದಾರ ಸತ್ತ ಮೇಲೆ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸು ಕೇಳಬಹುದು. ಬದುಕಿದ್ದಾಗಲೂ, 70 ವಯಸ್ಸಾದರೆ ಅಥವಾ ತುಪಾಕಿ 25 ವರ್ಷ ಇಟ್ಟಿದ್ದರೆ, ಮಕ್ಕಳ ಹೆಸರಿಗೆ ಮಾಡಿಸಬಹುದು. ಇದು ಗೊತ್ತಿದ್ದರೆ ಆ ಯಜಮಾನರು ಇರೋವಾಗಲೇ ಒಂದನ್ನಾದರೂ ಮಗನ ಹೆಸರಿಗೆ ಹಾಕಿಸ್ತಾ ಇದ್ರು, ಅವಸರದ ಮಾರಾಟಕ್ಕೆ ಬರ್ತಾ ಇರಲಿಲ್ಲ.

ಲೈಸೆನ್ಸು ಚಾಲ್ತಿಯಲ್ಲಿರೋರು ತಮ್ಮದನ್ನ ತಾವೇ ಇನ್ನೊಬ್ಬ ಲೈಸೆನ್ಸುದಾರನಿಗೆ ನೇರವಾಗಿ ಮಾರಬಹುದು, ಅದಕ್ಕೆ ಡೀಲರೇ ಬೇಕಂತಿಲ್ಲ. 5ನೇ ಕಲಮು. ಇಂಥವರಿಗೆ ಮಾರ್ತೀನಿ ಅಂತ ಹೆಸರು ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ಕೊಡಬೇಕು, 45 ದಿನ ಕಾಯಬೇಕು. ಅರ್ಜಿಯ ನಕಲಿಗೆ ಸೀಲು ಹಾಕಿಸ್ಕೊಳ್ಳಿ. ಈ 45 ದಿನ ನಿಮಗೂ ಒಳ್ಳೇದೇ, ಅಷ್ಟರಲ್ಲಿ ಇನ್ನಿಬ್ಬರನ್ನ ವಿಚಾರಿಸಬಹುದು.

ಆ ಮನೆಯವರಿಗೆ ನಾನು ಹೇಳಿದ್ದು ಒಂದೇ. ಮೂರನ್ನೂ ಒಂದೇ ಗುಂಪಲ್ಲಿ ಕೊಡಬೇಡಿ ಅಂತ. ಗುಂಪಲ್ಲಿ ಕೊಟ್ಟರೆ ಕೇಪು ತುಪಾಕಿ ರೇಟು ಜೋಡುನಳಿಗೆಗೂ ಬೀಳುತ್ತೆ. ಡೀಲರ್ ಅಂಗಡಿಗೆ ಹೋಗಿ, ಅವನೆದುರೇ, ಹಗಲು ಬೆಳಕಲ್ಲಿ ಜೋಡುನಳಿಗೆಯ ಫೋಟೋ ತೆಗೆಸಿದ್ವಿ. ಏನೇನು ಅಂದ್ರೆ, ನಳಿಗೆ ಮೇಲಿನ ಕಂಪನಿ ಹೆಸರು, ಸೀರಿಯಲ್ ನಂಬರು, ನಳಿಗೆಯ ಅಡಿಯಲ್ಲಿ ಪ್ರೂಫ್ ಹೌಸಿನ ಮುದ್ರೆ, ಒಳಗಡೆ ತುಕ್ಕು ತಿಂದ ಗುಂಡಿ ಇದೆಯಾ ಇಲ್ವಾ ಅನ್ನೋದು, ಮರದ ಹಿಡಿಯಲ್ಲಿ ಸೀಳು. ಇಂಗ್ಲೆಂಡಿನ ತುಪಾಕಿಗೆ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ಪ್ರೂಫ್ ಮುದ್ರೆ ಇರಲೇಬೇಕು, ಅದು ನಮ್ಮ ಬೀಜದ ಚೀಲದ ಸರ್ಟಿಫಿಕೇಟ್ ಟ್ಯಾಗ್ ಇದ್ದ ಹಾಗೆ. ನೈಟ್ರೋ ಅಂತ ಮುದ್ರೆ ಇದ್ದರೆ ಈಗಿನ ತೋಟಾ ಹಾರಿಸಬಹುದು. ನಳಿಗೆಯ ಮೇಲೆ ಹಾವಿನ ಮೈ ತರಹ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದದ್ದು, ಕರಿಮದ್ದಿನ ಕಾಲದ್ದು. ನೋಡೋಕೆ ಚೆಂದ, ಹಾರಿಸೋಕೆ ಅಪಾಯ, ಹಾಗಾಗಿ ಹಾರಿಸೋನು ಕೊಳ್ಳಲ್ಲ. ಸುತ್ತಿಗೆ ಹೊರಗಿದ್ದರೆ ಒಂದು ರೇಟು, ಒಳಗಿದ್ದರೆ ಒಂದು ರೇಟು. ಸುಟ್ಟ ತೋಟಾ ತಾನೇ ಹೊರಗೆ ಎಸೆಯೋ ಇಜೆಕ್ಟರ್ ಇದ್ದರೆ ಇನ್ನೂ ಮೇಲೆ. ಇಂಗ್ಲೆಂಡಿನ ದೊಡ್ಡ ಕಂಪನಿಗಳು ಹಳೇ ಖಾತೆ ಪುಸ್ತಕ ಈಗಲೂ ಇಟ್ಕೊಂಡಿವೆ, ಸೀರಿಯಲ್ ನಂಬರಿನಿಂದ ಯಾವ ವರ್ಷ ಯಾರಿಗೆ ಮಾರಿದ್ದು ಅಂತ ತಿಳಿಯುತ್ತೆ.

ಅಂದ ಹಾಗೆ 12 ಬೋರ್ ಅಂದ್ರೆ ಏನು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದು ಪೌಂಡ್ ಸೀಸವನ್ನ 12 ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪ ಬರುತ್ತೋ ಅಷ್ಟು ಅಗಲದ ನಳಿಗೆ. 20 ಮಾಡಿದರೆ 20 ಬೋರು, ಅದು ಸಣ್ಣದು. ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣದು, ಟೊಮೇಟೊ ಕೆಜಿಗೆ ಎಷ್ಟು ತೂಗುತ್ತೆ ಅಂತ ಎಣಿಸಿದ ಹಾಗೆ.

ಅವರ ಪುಣ್ಯಕ್ಕೆ ನಳಿಗೆ ಉಕ್ಕಿನದು, ಸುತ್ತಿಗೆ ಒಳಗಿನದು. ಹಳೇ ಟ್ರಂಕಿನಲ್ಲಿ ಯಜಮಾನರ ಅಪ್ಪ ಕೊಂಡಾಗಿನ ಕೈಬರಹದ ರಶೀದಿಯೂ ಸಿಕ್ಕಿತು, ಗಣಿಯ ಬಂಗಲೆ ನಂಬರ್ ಸಮೇತ. ಅದು ಸಿಕ್ಕ ಮೇಲೆ ಮಾತಿನ ದಾಟಿಯೇ ಬೇರೆ ಆಯ್ತು. ಮಲೆನಾಡಿನ ಕಡೆಯ ಒಬ್ಬ ಕಾಫಿ ತೋಟದವರು, ಲೈಸೆನ್ಸಿನಲ್ಲಿ ಜಾಗ ಇದ್ದೋರು, ಖುದ್ದಾಗಿ ಬಂದು ನೋಡಿ ತಗೊಂಡ್ರು. ಡೀಲರ್ ಮೂರಕ್ಕೂ ಸೇರಿಸಿ ಹೇಳಿದ್ದರ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅದೂ ಒಂದಕ್ಕೇ. ಒಂಟಿ ನಳಿಗೆ ಒಬ್ಬ ಸೆಕ್ಯುರಿಟಿ ಗಾರ್ಡಿಗೆ ಹೋಯ್ತು. ಲೈಸೆನ್ಸ್ ತುಪಾಕಿ ಇದ್ದರೆ ಸಂಬಳ ಜಾಸ್ತಿ, ಹಾಗಾಗಿ ಅವರಿಗೆ ಅದು ನೇಗಿಲು ಇದ್ದ ಹಾಗೆ. ಬಾಡಿಗೆ ಕಳೆದು ಬಂದ ದುಡ್ಡಲ್ಲಿ ಬೋರಿನ ಸಾಲ ಪೂರ್ತಿ ತೀರಲಿಲ್ಲ, ಆದರೆ ಬಡ್ಡಿಯೋನು ಬಾಗಿಲಿಗೆ ಬರೋದು ನಿಂತಿತು.

ಕೆಲವರು ನನ್ನ ಹತ್ರ, ಲಂಡನ್ನಿಗೆ ಕಳಿಸಿದರೆ ಕೋಟಿ ಬರುತ್ತಂತಲ್ಲ ಅಂತ ಕೇಳ್ತಾರೆ. ಆಸೆ ಬಿಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಪುರಾತನ ವಸ್ತುವನ್ನ ಸರ್ಕಾರ ಬಿಟ್ಟು ಬೇರೆ ಯಾರೂ ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಟಿಪ್ಪುವಿನ ತುಪಾಕಿ ಲಂಡನ್ನಿನಲ್ಲಿ ಕೋಟಿ ತಂದಿದ್ದು ಅದು 1799ರಲ್ಲೇ ಹೊರಗೆ ಹೋಗಿತ್ತು ಅನ್ನೋ ಕಾರಣಕ್ಕೆ. ಬೂದಿಕೋಟೆಯಲ್ಲಿ ಯಾರದಾದರೂ ಮನೆಯಲ್ಲಿ ಅಂಥದ್ದೇ ಇನ್ನೊಂದು ಉಳಿದಿದ್ದರೆ ಅದರ ಬೆಲೆ ಇಲ್ಲಿಯ ಬೆಲೆ ಅಷ್ಟೇ. ಇದು ನ್ಯಾಯವಾ ಅಂದ್ರೆ, ಮಾರೋನಿಗೆ ಅನ್ಯಾಯ, ಊರಿಗೆ ನ್ಯಾಯ ಅಂತ ನನ್ನ ಅಭಿಪ್ರಾಯ. ಹೋಗಿದ್ದು ಸಾಕು. ನಮ್ಮ ಗಣಿಯ ಚಿನ್ನವೂ ಹೀಗೇ ಹಡಗು ಹತ್ತಿ ಹೋಗಿದ್ದು.

ಹಾಗೇ, ರಿಪೇರಿ ಮಾಡಿದರೂ ಹಾರಿಸೋಕೆ ಆಗದಂತೆ ಕೆಟ್ಟಿರೋ, ಹಳೇ ಪದ್ಧತಿಯ ತುಪಾಕಿಗೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದು ಅಂಥದ್ದೇ ಅಂತ ನೀವೇ ತೀರ್ಮಾನ ಮಾಡ್ಕೊಂಡು ಮನೆಯಲ್ಲಿ ಇಟ್ಕೋಬೇಡಿ, ಬರಹದಲ್ಲಿ ಕೇಳಿ. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸ್ತೀವಲ್ಲ, ಆ ರಶೀದಿಗಳನ್ನೂ ಎಸೀಬೇಡಿ. ನಂಬರ್ ಸಮೇತ ಇರೋ ಹತ್ತು ವರ್ಷದ ಠಾಣೆ ರಶೀದಿ ಅಂದ್ರೆ ತುಪಾಕಿ ನಿಮ್ಮದೇ, ಕಾನೂನಾಗೇ ಇತ್ತು ಅನ್ನೋದಕ್ಕೆ ಕೊಳ್ಳೋನು ನಂಬೋ ಸಾಕ್ಷಿ. ವಾಪಸ್ ತರೋವಾಗ ಮರದ ಹಿಡಿ ಒಡೆದಿದೆಯಾ, ನಳಿಗೆಗೆ ತುಕ್ಕು ಹಿಡಿದಿದೆಯಾ ಅಲ್ಲೇ ನಿಂತು ನೋಡಿ.

ಆ ಮನೆಯ ಮೂರನೇದು, ಕೇಪು ತುಪಾಕಿ, ಯಾರೂ ಕೊಳ್ಳಲಿಲ್ಲ. ದುಡ್ಡಿನ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಚಿಕ್ಕ ಮಗ ಬೆಳೆ ರಕ್ಷಣೆಗೆ ಅಂತ ತನ್ನ ಹೆಸರಿಗೆ ಅರ್ಜಿ ಹಾಕಿದ, ಅವರ ಹೊಲ ಕಾಮಸಮುದ್ರದ ಕಾಡಂಚಿನಲ್ಲಿದೆ. ತಮಿಳುನಾಡಿನ ಕಡೆಯಿಂದ ಆನೆ ಬಂದಾಗ ಅದಕ್ಕೆ ಗುಂಡು ಹಾಕೋ ಹಾಗಿಲ್ಲ, ಹಾಕಲೂಬಾರದು. ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸಿದರೆ ಆ ಶಬ್ದಕ್ಕೆ ಹಿಂಡು ಕೆಲವು ಸಲ ತಿರುಗುತ್ತೆ, ಕೆಲವು ಸಲ ನಿಂತು ನೋಡುತ್ತೆ. ಹೋದ ತಿಂಗಳು ಲೈಸೆನ್ಸು ಬಂತು, ಐದು ವರ್ಷಕ್ಕೆ.